ಕುಳ್ಳಿ ಗಿಡದ ಮೊದಲ ಕಾಯಿ

ಅಪ್ಪಾ,

ಕಾಗದ ಅಂದಮೇಲೆ ಮೊದಲು ಕ್ಷೇಮ ಕೇಳಬೇಕು, ಆಮೇಲೆ ಮಳೆ ಬೆಳೆ ಕೇಳಬೇಕು, ಕೊನೆಗೆ ಸ್ವಂತದ ಮಾತು ಎನ್ನುತ್ತಿದ್ದೆ ನೀನು. ಅಕ್ಷರ ಬಾರದ ನೀನು ಹೇಳುತ್ತಿದ್ದೆ, ನಾನು ಬರೆಯುತ್ತಿದ್ದೆ. ಇವತ್ತು ನಿನ್ನ ಕ್ಷೇಮವನ್ನು ಯಾವ ಬಾಯಲ್ಲಿ ಕೇಳಲಿ? ತಿರುಮಕೂಡಲು ನರಸೀಪುರದ ಈಚೆ, ನಮ್ಮದೇ ಹೊಲದ ಬದುವಿನಲ್ಲಿ ನಿನ್ನನ್ನು ಮಣ್ಣು ಮಾಡಿ ಒಂದು ವರ್ಷವಾಯಿತು. ಬೆಳಿಗ್ಗೆ ವರ್ಷದ ಪೂಜೆ ಮುಗಿಯಿತು. ಅಯ್ಯನವರೂ ನೆಂಟರೂ ಉಂಡು ಹೊರಟರು. ನಾನು ನಿನ್ನ ಸಮಾಧಿಯ ಪಕ್ಕ ಕೂತು ಬರೆಯುತ್ತಿದ್ದೇನೆ. ಬಾಯಲ್ಲೇ ಹೇಳೋಣ ಎಂದರೆ ಅಳು ಬರುತ್ತದೆ, ಇಲ್ಲವೇ ಜಗಳಕ್ಕೆ ನಿಂತವಳ ಹಾಗೆ ದನಿ ಏರುತ್ತದೆ. ನನ್ನ ಬಾಯಿ ಎಂಥದು ಎಂದು ನಿನಗೆ ಗೊತ್ತಿಲ್ಲವೇ?

ನನಗೆ ಏಳು ವರ್ಷವಾಗಿದ್ದಾಗ ನೀನು ಮಠದ ಅಯ್ಯನವರ ಮುಂದೆ ಕೂರಿಸಿ ಮರಳ ಮೇಲೆ ಅಕ್ಷರ ತಿದ್ದಿಸಿದ್ದು ನೆನಪಾಗುತ್ತದೆ. ಊರಿನವರೆಲ್ಲ ನಕ್ಕರು. "ಎಣ್ಣೈಕ್ಳು ಓದಿ ಯಾವ್ ಅಮಲ್ದಾರಿಕೆ ಮಾಡ್ಬೇಕಾಗದೆ ನಂಜಪ್ಪ?" ಎಂದರು. "ನಾನಂತೂ ಓದ್ನಿಲ್ಲ. ನಂಗ್ ಓದಿ ಏಳಾಕೆ ಒಬ್ರು ಬ್ಯಾಡ್ವಾ?" ಎಂದೆ ನೀನು. ಅಷ್ಟು ಧೈರ್ಯ ಮಾಡಿದವನು ಕೊನೆಗೆ ಅದೇ ಅಕ್ಷರವನ್ನು ಬೈದು ಹೋದೆಯಲ್ಲ. ಆ ಮಾತು ನನಗೆ ಇನ್ನೂ ಇಳಿದಿಲ್ಲ.

ಅವ್ವ ತೀರಿಕೊಂಡ ವರ್ಷ ನಿನಗೆ ಊರೇ ಬೇಡವಾಗಿತ್ತು. ಊಟಕ್ಕೆ ಕರೆದರೆ ಹೊಲದಲ್ಲಿದ್ದೆ, ಹೊಲದಲ್ಲಿ ಹುಡುಕಿದರೆ ಹೊಳೆಯ ಹತ್ತಿರ ಇದ್ದೆ. ಆಗ ನಮ್ಮವರು, ನಿನ್ನ ಅಳಿಯ, ಸುದ್ದಿ ತಂದರು. ನಂಜನಗೂಡಿನ ರೈಲಿನಿಂದ ಸಾಮಾನು ಇಳಿಸಿಕೊಂಡು ನೀಲಗಿರಿಗೆ ಎತ್ತಿನ ಗಾಡಿ ಹೊಡೆಯುವವರಿಗೆ ಬೆಟ್ಟದ ಬಂಗಲೆಗಳ ಸುದ್ದಿಯೆಲ್ಲ ತಿಳಿಯುತ್ತದೆ. "ಮಾವ, ಒಬ್ಬ ದೊರೆಸಾನಿಗೆ ತರಕಾರಿ ಮಡಿ ನೋಡ್ಕೊಳ್ಳೋರು ಬೇಕಂತೆ. ನೀವ್ ಬನ್ನಿ, ಇವ್ಳೂ ಬರ್ಲಿ. ನಂಗೂ ಮೇಲಕ್ ಬಂದಾಗ ಬಿಸಿ ಮುದ್ದೆ ಸಿಕ್ತದೆ" ಎಂದರು. ಹೀಗೆ ನಾವಿಬ್ಬರೂ ಒಂದು ಕಂಬಳಿ ಹೊದ್ದು ಬೆಟ್ಟ ಹತ್ತಿದೆವು. ದಾರಿಯುದ್ದಕ್ಕೂ ನಿನ್ನ ಹಲ್ಲು ಕಟಕಟ ಎನ್ನುತ್ತಿತ್ತು, ಚಳಿ ಏನೂ ಇಲ್ಲ ಎಂದು ನನಗೇ ಹೇಳುತ್ತಿದ್ದೆ.

ಸಮುದ್ರದಾಚೆಯ ಸೀಮೆಯಿಂದ ಆ ಬೀಜದ ಪೊಟ್ಟಣ ಬಂದ ದಿನ ದೊರೆಸಾನಿಯ ಮುಖ ನೋಡಬೇಕಿತ್ತು. ಅವರ ಅಕ್ಕ ಅಲ್ಲಿಯ ತಮ್ಮ ತೋಟದಲ್ಲಿ ಬೆಳೆದು ಕಳಿಸಿದ್ದಂತೆ. ಮೂರು ಜಾತಿ. ನೋಡುವುದಕ್ಕೆ ಮೂರೂ ನಮ್ಮ ಮೆಣಸಿನಕಾಯಿಯ ಬೀಜದ ಹಾಗೇ ಇದ್ದವು, ಆದರೆ ಖಾರವಿಲ್ಲ, ತಿಂದರೆ ಸಿಹಿ ಎಂದರು. ಅದೇ ದೊಣ್ಣೆ ಮೆಣಸಿನಕಾಯಿ. ಹಿಮ ಬೀಳುವ ಮೊದಲು ಗಿಡದಲ್ಲೇ ಕೆಂಪಾದ ಕಾಯಿ ತಮ್ಮ ಊಟದ ಮೇಜಿಗೆ ಬರಬೇಕು ಎನ್ನುವುದೊಂದೇ ಅವರ ಆಸೆ. ಹಸಿರು ಕಾಯಿ ಯಾರು ಬೇಕಾದರೂ ಬೆಳೆಯುತ್ತಾರೆ ಎಂದರು. ಮಾಘದಲ್ಲಿ ಗಾಜಿನ ಮನೆಯೊಳಗೆ ಬೀಜ ಚೆಲ್ಲಿ ಒಟ್ಟಲು ಹಾಕಿದೆವು. ಸಸಿ ಬೆಳೆದು ಕಾಯಿ ಬಿಟ್ಟಾಗ ನಾವೇ ಹೆಸರಿಟ್ಟೆವು. ಎತ್ತರಕ್ಕೆ ಬೆಳೆದು ಮುಷ್ಟಿ ಗಾತ್ರದ ಕಾಯಿ ಬಿಟ್ಟದ್ದು ಗೌಡ. ಉದ್ದಕ್ಕೆ ಡೊಂಕಾದದ್ದು ಕೊಂಬು. ಮೊಣಕಾಲುದ್ದವೂ ಬೆಳೆಯದೆ ಸಣ್ಣ ಕಾಯಿ ಬಿಟ್ಟದ್ದು ಕುಳ್ಳಿ.

ಗೌಡನ ಮೇಲೆ ನಿನಗೆ ಎಂಥ ಮೋಹ! "ಗಿಡ ಅಂದ್ರೆ ಇಂಗಿರ್ಬೇಕು ಕಣವ್ವ. ಈ ಕುಳ್ಳಿ ಏನು, ಕಳೆ ಇದ್ದಂಗದೆ" ಎನ್ನುತ್ತಿದ್ದೆ. ಕುಳ್ಳಿ ದಸರೆಗೆ ಕೆಂಪಾಯಿತು. ಕೊಂಬು ಅರ್ಧ ಬಣ್ಣ ತಿರುಗಿತು. ಗೌಡ ಮಾತ್ರ ಕಲ್ಲಿನ ಹಾಗೆ ಹಸಿರಾಗಿಯೇ ಇದ್ದ. ಮಾರ್ಗಶಿರದ ಒಂದು ಬೆಳಿಗ್ಗೆ ಎದ್ದು ನೋಡಿದರೆ ಹುಲ್ಲಿನ ಮೇಲೆಲ್ಲ ಉಪ್ಪು ಚೆಲ್ಲಿದ ಹಾಗೆ ಬಿಳುಪು. ಬಿಸಿಲು ಬಿದ್ದಮೇಲೆ ಗೌಡನ ಎಲೆಗಳು ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದವು. ನೀನು ಆ ಹಸಿರು ಕಾಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದೆ. "ಬಯಲ್ಸೀಮೆ ಬುದ್ಧಿ ಬೆಟ್ಟದಲ್ಲಿ ನಡ್ಯಾಕಿಲ್ಲ. ಇಲ್ಲಿ ಗಾತ್ರ ನೋಡಬಾರ್ದು, ದಿನ ನೋಡ್ಬೇಕು" ಎಂದೆ. ಅವತ್ತೇ ಗೌಡನನ್ನೂ ಕೊಂಬನ್ನೂ ಬಿಟ್ಟು ಕುಳ್ಳಿಯನ್ನು ಆರಿಸಿದೆವು.

ದೊರೆಸಾನಿ ಕುಳ್ಳಿಯ ಕೆಂಪು ಕಾಯನ್ನು ಹೋಳು ಮಾಡಿ ನಿನ್ನ ಕೈಗೆ ಕೊಟ್ಟಾಗ ಏನು ಮಾಡಿದೆ, ಹೇಳಲಾ? ನೀರಿನ ಚೊಂಬನ್ನು ಪಕ್ಕದಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿ ಕಚ್ಚಿದೆ. ಆಮೇಲೆ ಒಂದು ಕಣ್ಣು ಬಿಟ್ಟೆ. "ಥತ್! ಮೀಸೆ ಬುಟ್ಕೊಂಡ್ ಎದ್ರಿಕೊಳ್ಳೋ ಗಂಡಸ್ನಂಗದೆ" ಎಂದೆ. ನನಗೆ ನಗು ತಡೆಯಲಾಗದೆ ಗಾಜಿನ ಮನೆಯ ಹಿಂದಕ್ಕೆ ಓಡಿದೆ. ಅವ್ವ ಹೋದಮೇಲೆ ನಾನು ಹಾಗೆ ನಕ್ಕದ್ದು ಅವತ್ತೇ.

ನಮ್ಮ ಹೊಲದಲ್ಲಿ ಯಾವ ಗಿಡವೇ ಆಗಲಿ, ಮೊದಲು ಬಿಟ್ಟ ಕಾಯಿ ನಂಜನಗೂಡಿನ ನಂಜುಂಡನಿಗೆ ಮೀಸಲು. ನಿನ್ನ ಅಪ್ಪನ ಕಾಲದಿಂದ ಬಂದದ್ದು. ಅದು ಬಲಿಯುವ ಮೊದಲೇ, ಯಾರ ಕಣ್ಣೂ ಬೀಳುವ ಮೊದಲೇ ಎಳೆಯದನ್ನೇ ಕಿತ್ತು ಕೊಡಬೇಕು. ಬೆಟ್ಟಕ್ಕೆ ಬಂದಮೇಲೂ ನೀನು ಅದನ್ನು ಬಿಡಲಿಲ್ಲ. ಒಂದೊಂದು ಕುಳ್ಳಿ ಗಿಡದ ಮೊದಲ ಕಾಯನ್ನೂ ಕಿತ್ತು, ಬುಟ್ಟಿಯಲ್ಲಿ ಹಸಿ ಎಲೆ ಹಾಸಿ ಮುಚ್ಚಿ, ನಮ್ಮವರ ಗಾಡಿಯಲ್ಲಿ ಕಳಿಸುತ್ತಿದ್ದೆ. "ಮಾವ, ಮೆಣಸಿನ್ಕಾಯ ದೇವ್ರ ಮುಂದ್ ಮಡಗದಾ?" ಎಂದು ಅವರು ಕೇಳಿದ್ದಕ್ಕೆ, "ನಂಜು ಕುಡ್ದು ಅರಗಿಸ್ಕೊಂಡೋನ್ಗೆ ಮೆಣಸಿನ್ಕಾಯಿ ಯಾವ್ ಲೆಕ್ಕ ಅಳಿಮಯ್ಯ?" ಎಂದೆ. ಬೀಜಕ್ಕೆ ಮಾತ್ರ ಕೊನೆಗೆ ಉಳಿದ ದಪ್ಪ ಕಾಯಿ. ಹಿಮ ಬೀಳುವ ಮುಂಚೆ, ಇನ್ನೂ ಹಸಿರು ಕಾಯಿ ಹೊತ್ತ ಒಂದೆರಡು ಗಿಡಗಳನ್ನು ಕುಂಡಕ್ಕೆ ಎತ್ತಿ ಗಾಜಿನ ಮನೆಯಲ್ಲಿ ಇಡುತ್ತಿದ್ದೆ. ಅಲ್ಲಿ ನಿಧಾನವಾಗಿ ಹಣ್ಣಾದದ್ದರಿಂದ ಬೀಜ ತೆಗೆಯುತ್ತಿದ್ದೆ.

ಎರಡನೆಯ ವರ್ಷ ಕುಳ್ಳಿ ಕೆಂಪಾದದ್ದು ದೀಪಾವಳಿಗೆ. ಮೂರನೆಯ ವರ್ಷ ಕಾರ್ತಿಕ ಮುಗಿಯುವ ಹೊತ್ತಿಗೆ ಎಲ್ಲೋ ನಾಲ್ಕು ಕಾಯಿ. ನಾಲ್ಕನೆಯ ವರ್ಷ ಒಂದೂ ಇಲ್ಲ, ಮಡಿಯಲ್ಲಿದ್ದ ಅಷ್ಟನ್ನೂ ಹಸಿರಾಗಿದ್ದಾಗಲೇ ಹಿಮ ಸುಟ್ಟಿತು. ಆ ವರ್ಷವೇ ದೊರೆಸಾನಿಯ ಅಕ್ಕ ತೀರಿಕೊಂಡಿದ್ದರು. ಇನ್ನು ಸೀಮೆಯಿಂದ ಪೊಟ್ಟಣ ಕಳಿಸುವವರು ಯಾರೂ ಇರಲಿಲ್ಲ. ಅವರು ಮಡಿಯ ಮುಂದೆ ನಿಂತು, "ನಂಜಾ, ಕೆಂಪು ಎಲ್ಲಿ?" ಎಂದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಇನ್ನು ಒಂದು ವರುಷ ನೋಡು. ಇಲ್ಲ ಅಂದರೆ ಮಡಿ ತೆಗೆ, ಕೋಸು ಹಾಕು" ಎಂದು ಒಳಗೆ ಹೋದರು. ನೀನು ಆ ರಾತ್ರಿ ಊಟ ಮಾಡಲಿಲ್ಲ. ದೇವರಿಗೆ ಏನೋ ಕಡಿಮೆಯಾಗಿದೆ ಎಂದು ತೀರ್ಮಾನ ಮಾಡಿದೆ. ಮುಂದಿನ ವರ್ಷ ಗಿಡಕ್ಕೆ ಒಂದಲ್ಲ, ಎರಡು ಕಾಯಿ ಮೀಸಲು ಎಂದೆ.

ಕಳೆದ ವರ್ಷ ಶ್ರಾವಣದ ಜಡಿಮಳೆಯಲ್ಲಿ ನಾನು ನನ್ನ ಹಳೆಯ ಸೀರೆಯ ಅಂಚು ಹರಿದು, ಎಲ್ಲಕ್ಕಿಂತ ಮೊದಲು ಹೂ ಬಿಟ್ಟ ಗಿಡಕ್ಕೆ ಕಟ್ಟಿದೆ. ಸುಮ್ಮನೆ ಗುರುತಿಗೆ. ನೀನು ಬುಟ್ಟಿ ತುಂಬಿಸುವಾಗ ನಾನು ನೋಡುತ್ತಾ ನಿಂತೆ. ಬೇಗ ಕಾಯಿ ಬಿಟ್ಟ ಗಿಡಗಳ ಬೇಗದ ಕಾಯೆಲ್ಲ ಬುಟ್ಟಿಗೆ ಹೋದವು. ಬೀಜಕ್ಕೆ ಉಳಿಯುತ್ತಿದ್ದದ್ದು ಎಲ್ಲಕ್ಕಿಂತ ಹಿಂದೆ ಬಿದ್ದ ಸೋಮಾರಿಗಳದ್ದು. ವರ್ಷ ವರ್ಷವೂ ನಾವೇ ತಡವಾದದ್ದನ್ನು ಆರಿಸಿ ಆರಿಸಿ ಬಿತ್ತುತ್ತಿದ್ದೆವು. ದಿನ ನೋಡಬೇಕು ಎಂದವನು ನೀನೇ ಅಲ್ಲವೇ? ನನಗೆ ಹೊಳೆದದ್ದು ನಿನಗೆ ಹೊಳೆದಿರಲಿಲ್ಲವೇ, ಇಲ್ಲಾ ಹೊಳೆದರೂ...

"ಅಪ್ಪಾ, ಬಿರ್ರನೆ ಬುಡೋ ಕಾಯೆಲ್ಲಾ ನಂಜನಗೂಡ್ಗೆ ಓಯ್ತವೆ, ತಡವಾಗಿ ಬುಡೋದ್ರ ಬೀಜ ನಾವ್ ಮಡಿಕೊಳ್ತೀವಿ. ಗಿಡ ತಡ ಮಾಡ್ದೆ ಇನ್ನೇನ್ ಮಾಡದು?" ಎಂದು ಅವತ್ತು ನಾನು ಮೆಲ್ಲಗೇ ಕೇಳಿದ್ದೆ. ನಿಜವಾಗಿಯೂ ಮೆಲ್ಲಗೆ. ನೀನು ಕುಡುಗೋಲು ಕೆಳಗಿಟ್ಟೆ. "ದೇವ್ರಿಗ್ ಕೊಟ್ರೆ ಕೊರತೆ ಆಯ್ತದಾ? ನಿಂಗ್ ಅಕ್ಸರ ಕಲ್ಸಿದ್ದೇ ನಂದು ತಪ್ಪಾಯ್ತು" ಎಂದೆ. ಆ ಸಂಜೆ ಅಂಚು ಕಟ್ಟಿದ ಗಿಡದ ಒಂದು ಕಾಯನ್ನು ಎಲೆಗಳ ಒಳಗೆ ಸೇರಿಸಿ, ಬಾಳೆಯ ನಾರಿನಿಂದ ಎಲೆಗಳನ್ನು ಬಿಗಿದು ಮುಚ್ಚಿಟ್ಟೆ. ನಿನ್ನ ಕಣ್ಣು ಮೊದಲಿನಷ್ಟು ಚುರುಕಿರಲಿಲ್ಲ, ಅದು ನನಗೆ ಗೊತ್ತಿತ್ತು. ಅದನ್ನೇ ನಂಬಿ ಕದ್ದೆ.

ಹಸಿರನ್ನು ಮುಚ್ಚಿಡಬಹುದು, ಕೆಂಪನ್ನು ಎಷ್ಟು ದಿನ ಮುಚ್ಚಿಡಲಿ? ದೀಪಾವಳಿ ಕಳೆದ ಮಾರನೆಯ ಬೆಳಿಗ್ಗೆ ಗಾಳಿಗೆ ನಾರು ಸಡಿಲವಾಗಿತ್ತು. ನಾನು ಕೊಡ ಹೊತ್ತು ಬರುವಷ್ಟರಲ್ಲಿ ನೀನು ಆ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. "ಇದು ಯಾವತ್ತಿಂದು?" ಎಂದೆ. "ಮೊದಲ್ನೇದು" ಎಂದೆ ನಾನು. ಅಷ್ಟಕ್ಕೆ ಸುಮ್ಮನಿರಬಾರದಿತ್ತೇ ನಾನು? "ನಿನ್ ದೇವ್ರು ನಮ್ ಕಾಯ್ಗೆ ಬಾಯ್ ಬುಟ್ಕೊಂಡ್ ಕೂತವ್ನಾ?" ಎಂದುಬಿಟ್ಟೆ. ನೀನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡೆ. ಆಮೇಲೆ ನನ್ನ ಹೊಟ್ಟೆಯ ಕಡೆ ನೋಡಿದೆ. ಆಗ ನನಗೆ ಐದು ತಿಂಗಳು. ಹಿಂದೆ ಎರಡು ಬಸಿರು ನಿಲ್ಲದೆ ಹೋಗಿದ್ದವು. "ಒಟ್ಟೇಲಿ ಮಗ ಮಡಿಕೊಂಡು ದೇವ್ರ ಮೀಸ್ಲು ಮುಟ್ದಲ್ಲ ಕಣವ್ವ. ಅದ್ಕೇನಾರಾ ಆದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದೆ.

ಮಧ್ಯಾಹ್ನ ಗಾಡಿ ಕಟ್ಟುವ ಸದ್ದು ಕೇಳಿದಾಗ ನಾನು ಒಲೆಯ ಮುಂದೆ ಇದ್ದೆ. ನೀನು ನಮ್ಮವರ ಜೊತೆ ನಂಜನಗೂಡಿಗೆ ಹೊರಟಿದ್ದೆ. ಬಾಗಿಲಲ್ಲಿ ನಿಂತು, "ಬತ್ತೀನಿ ಕಣವ್ವ" ಎಂದೆ. ನಾನು ಊದುಗೊಳವೆ ಕೆಳಗಿಡಲಿಲ್ಲ, ತಿರುಗಿ ನೋಡಲಿಲ್ಲ, ಹೋಗಿ ಬಾ ಎನ್ನಲಿಲ್ಲ. ನೀನೇ ಇನ್ನೊಂದು ಸಲ ಕರೆಯಲಿ, ಆಗ ಎದ್ದು ಬರುತ್ತೇನೆ ಎಂದುಕೊಂಡೆ. ಎಷ್ಟು ಹೊತ್ತು ನಿಂತಿದ್ದೆಯಪ್ಪ? ಹೊಗೆಯಲ್ಲಿ ನನಗೆ ಏನೂ ಕಾಣಿಸುತ್ತಿರಲಿಲ್ಲ. ಆಮೇಲೆ ಎತ್ತಿನ ಗಂಟೆಯ ಸದ್ದು ತಿರುವು ದಾಟಿತು.

ಹದಿನೆಂಟು ದಿನದ ಮೇಲೆ ಗಾಡಿ ಹಿಂದಕ್ಕೆ ಬಂದಾಗ ಅದರಲ್ಲಿ ನಿನ್ನ ಕಂಬಳಿ ಇತ್ತು, ನೀನು ಇರಲಿಲ್ಲ. ನಂಜನಗೂಡು ಸೇರಿದ ಕೂಡಲೇ ನೀನು ಬೆಳಗಿನ ಜಾವದ ಚಳಿಯಲ್ಲಿ ಕಪಿಲೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲೇ ಗುಡಿಯ ಸುತ್ತ ಉರುಳುಸೇವೆ ಮಾಡಿದೆಯಂತೆ. ಆ ವಯಸ್ಸಿನಲ್ಲಿ. "ಮಗ್ಳು ತಪ್ಪು ನನ್ ಮೈಮ್ಯಾಲ್ ಬರ್ಲಿ, ಅವ್ಳ ಒಟ್ಟೆ ತಣ್ಣಗಿರ್ಲಿ" ಎಂದು ಪ್ರತಿ ಉರುಳಿಗೂ ಹೇಳಿದೆಯಂತೆ. ನರಸೀಪುರಕ್ಕೆ ಬರುವ ದಾರಿಯಲ್ಲೇ ಜ್ವರ ಏರಿತು. ನಾಲ್ಕನೆಯ ದಿನ ಎಲ್ಲ ಮುಗಿಯಿತು. ಬಸುರಿಗೆ ಹೆಣ ತೋರಿಸಬಾರದು ಎಂದರಂತೆ, ತೋರಿಸಬೇಕೆಂದರೂ ನಾನು ಆರು ದಿನದ ದಾರಿಯಾಚೆ ಇದ್ದೆ. ನಿನ್ನ ಬಾಯಿಗೆ ನೀರು ಬಿಟ್ಟದ್ದು ನಮ್ಮವರು.

ಆ ಕೆಂಪು ಕಾಯನ್ನು ಎರಡು ಸಲ ಒಲೆಗೆ ಹಾಕಲು ಹೋದೆ. ನಿನ್ನನ್ನು ತಿಂದ ಕಾಯಿ ಎನಿಸಿತು. ಹಾಕಿದರೆ ನೀನು ಹೋದದ್ದಕ್ಕೆ ಏನೂ ಉಳಿಯುವುದಿಲ್ಲವಲ್ಲ ಎನಿಸಿ ಕೈ ಹಿಂದೆ ತೆಗೆದೆ. ಬೀಜ ಬಿಡಿಸಿ, ಬೂದಿ ಸವರಿ, ಗಂಟು ಕಟ್ಟಿ ಗಡಿಗೆಗಳ ಅಡಕಲಿನ ಮೇಲೆ ಇಟ್ಟೆ. ಫಾಲ್ಗುಣದಲ್ಲಿ ಬಿತ್ತಿದೆ. ಬಿತ್ತುವಾಗಲೂ ಅತ್ತೆ, ನೀರು ಹಾಕುವಾಗಲೂ ಅತ್ತೆ. ದೊರೆಸಾನಿ ನನ್ನನ್ನು ಏನೂ ಕೇಳಲಿಲ್ಲ, ಕೋಸಿನ ಮಾತೂ ಎತ್ತಲಿಲ್ಲ.

ಈ ವರ್ಷ ದೀಪಾವಳಿಗೆ ಇನ್ನೂ ಹದಿನೈದು ದಿನ ಇರುವಾಗಲೇ ಕುಳ್ಳಿ ಕೆಂಪಾಯಿತು, ಅಪ್ಪಾ. ಒಂದಲ್ಲ, ಹನ್ನೊಂದು ಗಿಡ. ನಾವು ಬೆಟ್ಟ ಇಳಿಯುವ ತನಕವೂ ಹಿಮ ಬಿದ್ದಿರಲಿಲ್ಲ. ದೊರೆಸಾನಿ ಬಂದು ಒಳ್ಳೆಯ ಬಟ್ಟೆಯಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟರು. ಅಕ್ಕನ ಹೆಸರು ಹೇಳಿಕೊಂಡು ಅತ್ತರು. "ನಂಜ ಇರಬೇಕು ಈಗ" ಎಂದರು. ನಾನು ಗೆದ್ದೆ ಎಂದು ಒಂದು ಗಳಿಗೆಯಾದರೂ ಸಂತೋಷವಾಗಬೇಕಿತ್ತಲ್ಲ, ಆಗಲಿಲ್ಲ. ತೋರಿಸಬೇಕಾದವನೇ ಇಲ್ಲದಮೇಲೆ ಗೆದ್ದರೆ ಎಷ್ಟು, ಬಿಟ್ಟರೆ ಎಷ್ಟು?

ಬೀಜಕ್ಕೆ ಬೇಕಾದದ್ದನ್ನು ಬಿಟ್ಟು, ಒಂದು ಒಳ್ಳೆಯ ಕಾಯನ್ನು ಬುಟ್ಟಿಯಲ್ಲಿ ಇಟ್ಟುಕೊಂಡೆ. ನಿನ್ನ ವರ್ಷದ ಪೂಜೆಗೆ ಇಳಿಯುವಾಗ ನಂಜನಗೂಡಿನಲ್ಲಿ ನಿಂತು, ನನ್ನ ಕೈಯಾರೆ ದೇವರ ಮುಂದಿಟ್ಟು, ತಪ್ಪಾಯಿತು ಎನ್ನಬೇಕು ಎಂದುಕೊಂಡೆ. ನಮ್ಮವರು ಗಾಡಿಯ ಅಚ್ಚಿಗೆ ಎಣ್ಣೆ ಹಾಕುತ್ತಿದ್ದರು. ಹೇಳಿದೆ. ಅವರ ಕೈ ನಿಂತಿತು. "ಬ್ಯಾಡ ಕಣಮ್ಮಿ" ಎಂದರು. ಯಾಕೆ ಎಂದೆ. ತಲೆ ಎತ್ತಲಿಲ್ಲ. "ದೇವ್ರು ಆ ಕಾಯ ಕಂಡೇ ಇಲ್ಲ" ಎಂದರು.

ಮೊದಲ ವರ್ಷವೇ, ಬಂಡೀಪುರದ ಕಾಡು ದಾಟಿ ಬಿಸಿಲಿಗೆ ಬೀಳುವಷ್ಟರಲ್ಲಿ ನೀನು ಹಸಿ ಎಲೆ ಮುಚ್ಚಿ ಕಳಿಸಿದ ಬುಟ್ಟಿಯೊಳಗೆ ಕಾಯಿ ಬೆಂದು ಕೊಳೆತಿತ್ತಂತೆ. ಕೊಳೆತದ್ದನ್ನು ದೇವರ ಮುಂದೆ ಇಡುವುದು ಹೇಗೆ ಎಂದು ಹಳ್ಳಕ್ಕೆ ಸುರಿದು, ನಂಜನಗೂಡಿನಲ್ಲಿ ಒಂದು ಚಿಪ್ಪು ರಸಬಾಳೆ ಕೊಂಡು ನಿನ್ನ ಹೆಸರಲ್ಲಿ ಪೂಜೆ ಮಾಡಿಸಿದರಂತೆ. ಮೇಲೆ ಬಂದಾಗ ನೀನು, "ಕೊಟ್ಯಾ ಅಳಿಮಯ್ಯ? ದೇವ್ರು ಒಪ್ಕೊಂಡ್ನಾ?" ಎಂದು ಮಗುವಿನ ಹಾಗೆ ಕೇಳಿದೆಯಂತೆ. ಇಲ್ಲ ಎನ್ನಲು ಬಾಯಿ ಬರಲಿಲ್ಲವಂತೆ. ಮರುವರ್ಷವೂ ಹಾಗೇ ಆಯಿತು, ಅದರ ಮರುವರ್ಷವೂ ಹಾಗೇ. ಇಷ್ಟು ವರ್ಷವೂ ನಂಜುಂಡನಿಗೆ ಸಂದದ್ದು ಬಾಳೆಹಣ್ಣು, ಅಪ್ಪಾ. ನಾನು ದೇವರ ಕಾಯಿ ಕದಿಯಲಿಲ್ಲ. ಹಳ್ಳಕ್ಕೆ ಬೀಳುವ ಕಾಯಿ ಉಳಿಸಿದ್ದೆ, ಅಷ್ಟೇ.

"ಆರು ದಿವ್ಸ ಒಂದೇ ಗಾಡೀಲಿ ಕೂತಿದ್ರಲ್ಲ! ಒಂದ್ ಮಾತ ಏಳಾಕ್ ಏನಾಗಿತ್ತು ನಿಮ್ಗೆ?" ಎಂದು ನಾನು ಕಿರುಚಿದೆ. ಅವರು ಎಣ್ಣೆಯ ಕೈಯಲ್ಲೇ ಮುಖ ಒರೆಸಿಕೊಂಡರು. "ಗುಂಡ್ಲುಪೇಟೆ ತಾವ ಏಳ್ಬುಡವಾ ಅಂತ ಬಾಯ್ ತೆಗ್ದೆ. ಮಾವ ಅಳ್ತಾ ಇದ್ರು. ಇಷ್ಟ್ ವರ್ಸ ನಂಬ್ಸಿದ್ನಲ್ಲಾ ಅಂತ ನಾಚ್ಕೆ ಆಯ್ತು. ನಂಜನಗೂಡಲ್ಲಿ ಏಳವಾ ಅನ್ಕಂಡೆ. ಅಲ್ಲಿ ಗಾಡಿ ನಿಲ್ಸೋ ಗಂಟ ಕಾಯ್ನಿಲ್ಲ, ಸೀದಾ ಒಳೆಗೆ ಇಳ್ದುಬುಟ್ರು" ಎಂದರು. ಎರಡು ದಿನ ನಾನು ಅವರಿಗೆ ಮುದ್ದೆ ಇಕ್ಕಲಿಲ್ಲ. ಆಮೇಲೆ ಇಕ್ಕಿದೆ. ಅವರನ್ನು ಬೈಯುವಷ್ಟು ನೆಟ್ಟಗೆ ನಾನಿದ್ದೇನಾ? ನಾನು ಎಲೆ ಕಟ್ಟಿ ಮುಚ್ಚಿಟ್ಟೆ, ಅವರು ಬಾಳೆಹಣ್ಣು ಕೊಂಡು ಮುಚ್ಚಿಟ್ಟರು. ಇಬ್ಬರಿಗೂ ನಿನ್ನ ಮನಸ್ಸು ನೋಯಬಾರದು ಎಂದೇ ಇತ್ತು. ನಿನ್ನೊಬ್ಬನಿಗೆ ಮಾತ್ರ ಏನೂ ಗೊತ್ತಾಗದೆ...

ಈಗಲೂ ಅವರು ಇಲ್ಲಿಗೆ ಬರುತ್ತಿಲ್ಲ, ಎತ್ತುಗಳನ್ನು ಹಿಡಿದುಕೊಂಡು ಬಾವಿಯ ಹತ್ತಿರ ನಿಂತಿದ್ದಾರೆ. "ನೀ ಬರ್ದು ಮಾವಂಗ್ ಓದಿ ಏಳು. ನಂಗ್ ಆಗಕಿಲ್ಲ" ಎಂದರು. ಓದಿ ಹೇಳುತ್ತೇನೆ. ಅದಕ್ಕೆ ಮೊದಲು ಇನ್ನೊಂದು ಸುದ್ದಿ ಇದೆ, ಇಷ್ಟು ಹೊತ್ತು ಬರೆಯಲು ಕೈ ಬರಲಿಲ್ಲ.

ಮಾಘದ ಕೊನೆಯ ಸೋಮವಾರ ನನಗೆ ನೋವು ಬಂತು. ನಾಲ್ಕು ತಿಂಗಳಿಂದ ನಿನ್ನ ಆ ಅರ್ಧ ಮಾತು ನನ್ನ ಎದೆಯಲ್ಲೇ ಇತ್ತು. ಮಗು ಅಳುವ ಮೊದಲೇ, "ಕೈಕಾಲ್ ನೆಟ್ಟಗವಾ?" ಎಂದು ಸೂಲಗಿತ್ತಿಯನ್ನು ಕೇಳಿದೆ. "ಎಲ್ಲಾ ನೆಟ್ಟಗವೆ. ಬಾಯಂತೂ ನಿಂದೇ" ಎಂದಳು. ಹೆಣ್ಣು. ಈಗ ಕೆಳಗಡೆ ಎರಡು ಹಲ್ಲು ಬಂದಿವೆ. ನೀನು ಉರುಳಿದ್ದಕ್ಕೇ ಉಳಿಯಿತು ಎನ್ನುತ್ತಾರೆ ನಮ್ಮವರು. ಪಾಪವೇ ಇರಲಿಲ್ಲವಲ್ಲ ಎನ್ನುತ್ತೇನೆ ನಾನು.

ನೀನು ಹೆದರಿಕೊಂಡೇ ಹೋದೆ. ನನಗೆ ಅದೊಂದೇ ತಡೆಯಲಾಗುತ್ತಿಲ್ಲ. ಇಗೋ, ಇಲ್ಲೇ ನಿನ್ನ ಮಣ್ಣಿನ ಮೇಲೆ ಅಂಬೆಗಾಲಿಡುತ್ತಿದ್ದಾಳೆ. ಬೆಳಿಗ್ಗೆ ಏರಿಸಿದ ಹೂವನ್ನೆಲ್ಲ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದಾಳೆ, ಬೇಡವೆಂದರೆ ನನ್ನನ್ನೇ ಗದರುತ್ತಾಳೆ. ಹೆದರಬೇಡ ಅಪ್ಪಾ. ಮಗು ಚೆನ್ನಾಗಿದೆ.

ನಿನ್ನ ಮಗಳು,
ಗೌರಿ